ಉಳಿದ ಅರ್ಧ ಸಿರಿಂಜು: ಕೊಡಗಿನ ಓದುಗರ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಏಪ್ರಿಲ್–ಮೇ ಮದುವೆಗಳ ಓಡಾಟ ಶುರುವಾಗುವ ಹೊತ್ತಿಗೆ ಚರ್ಮದ ಅಂಕಣಕ್ಕೆ ಬರುವ ಕಾಗದಗಳ ದನಿಯೇ ಬದಲಾಗುತ್ತದೆ. ಬಂಗು, ಗಜಕರ್ಣ, ಕೂದಲುದುರುವಿಕೆಯ ನಡುವೆ ಈ ಸಲ ಫಿಲ್ಲರ್ (ಮುಖದ ಗೆರೆ, ತುಟಿ, ಕೆನ್ನೆ ತುಂಬಿಕೊಳ್ಳಲು ಚುಚ್ಚಿಸಿಕೊಳ್ಳುವ ಜೆಲ್) ಬಗ್ಗೆಯೇ ಏಳು ಪ್ರಶ್ನೆಗಳು ಕೊಡಗಿನಿಂದ ಬಂದಿವೆ. ಹೆಚ್ಚಿನವು ಒಂದೇ ಕಡೆ ಬಂದು ನಿಲ್ಲುತ್ತವೆ: ಬಳಸಿ ಮಿಕ್ಕಿದ್ದನ್ನು ಎತ್ತಿಟ್ಟು ಮತ್ತೆ ಚುಚ್ಚಬಹುದೇ? ಹೆಸರು ಬೇಡವೆಂದು ಎಲ್ಲರೂ ಕೇಳಿಕೊಂಡಿರುವುದರಿಂದ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನನಗೆ 41 ವರ್ಷ. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆಗಳಿಗೆ ಫಿಲ್ಲರ್ ಹಾಕಿಸಿಕೊಂಡೆ. 1 ಎಂ.ಎಲ್. ಸಿರಿಂಜಿನಲ್ಲಿ 0.6 ಖರ್ಚಾಯಿತು. ಉಳಿದದ್ದಕ್ಕೆ ಕ್ಯಾಪ್ ಹಾಕಿ, ಮೇಲೆ ನನ್ನ ಹೆಸರು ಬರೆದು ಫ್ರಿಜ್ಜಿನಲ್ಲಿಟ್ಟಿದ್ದಾರೆ. ಮೂರು ತಿಂಗಳು ಬಿಟ್ಟು ಬನ್ನಿ, ಟಚಪ್‌ಗೆ ಬೇರೆ ದುಡ್ಡು ಬೇಡ ಎಂದರು. ನಾನು ದುಡ್ಡು ಕೊಟ್ಟದ್ದು ಪೂರ್ತಿ ಸಿರಿಂಜಿಗೆ. ನನ್ನದೇ ಮುಖ, ನನ್ನದೇ ರಕ್ತ. ಇದರಲ್ಲಿ ತಪ್ಪೇನು? – ವಿರಾಜಪೇಟೆ

ಉತ್ತರ: ಹಾಕಿಸಿಕೊಳ್ಳಬೇಡಿ. ದುಡ್ಡಿನ ಸಂಕಟ ನಮಗೂ ಅರ್ಥವಾಗುತ್ತದೆ. 1 ಎಂ.ಎಲ್. ಎಂದರೆ ಚಹಾ ಚಮಚದ ಐದನೇ ಒಂದು ಪಾಲು. ಅಷ್ಟಕ್ಕೆ ಸಾವಿರಾರು ರೂಪಾಯಿ ಕೊಟ್ಟು, ಅದರಲ್ಲೂ ಅರ್ಧದಷ್ಟನ್ನು ಎಸೆಯಿರಿ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಬೇಡ ಎನ್ನುವುದಕ್ಕೆ ಕಾರಣವಿದೆ.

ಡಿಸ್ಪೆನ್ಸರಿಯಲ್ಲಿ ಕೊಡುವ ಇಂಜೆಕ್ಷನ್ ನೋಡಿರುತ್ತೀರಿ. ಔಷಧ ಒಂದು ಬಾಟಲಿಯಲ್ಲಿ ಇರುತ್ತದೆ, ಹೊಸ ಸಿರಿಂಜಿಗೆ ಬೇಕಾದಷ್ಟು ಎಳೆದು ಚುಚ್ಚುತ್ತಾರೆ. ಬಾಟಲಿ ಮೈಗೆ ತಾಗುವುದಿಲ್ಲ. ಫಿಲ್ಲರ್ ಹಾಗಲ್ಲ. ಹಯಾಲುರಾನಿಕ್ ಆಸಿಡ್ ಎಂಬ ಜೆಲ್ ಕಾರ್ಖಾನೆಯಲ್ಲೇ ಸಿರಿಂಜಿಗೆ ತುಂಬಿ, ಸಿರಿಂಜಿನ ಸಮೇತ ಹಬೆಯಲ್ಲಿ ಶುದ್ಧಗೊಂಡು ಬರುತ್ತದೆ. ಬಾಟಲಿಯೂ ಅದೇ, ಚುಚ್ಚುವ ಸಿರಿಂಜೂ ಅದೇ. ಒಮ್ಮೆ ಮುಖಕ್ಕೆ ಚುಚ್ಚಿದರೆ ಡಬ್ಬಿಯೇ ಮೈಯೊಳಗೆ ಹೋಗಿ ಬಂದ ಹಾಗೆ. ಆಮೇಲೆ ‘ಮುಟ್ಟದೆ ಉಳಿದ ಭಾಗ’ ಅಂತ ಒಂದು ಇರುವುದಿಲ್ಲ.

ಚುಚ್ಚುವಾಗ ಒಳಗೆ ಏನಾಗುತ್ತದೆ ನೋಡಿ. ವೈದ್ಯರು ಕೆಲವು ಕಡೆ ಒತ್ತುವ ಮೊದಲು ಪ್ಲಂಜರನ್ನು ಕೆಲವು ಸೆಕೆಂಡು ಹಿಂದಕ್ಕೆ ಎಳೆದು, ಸೂಜಿ ರಕ್ತನಾಳದಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅದು ಒಳ್ಳೆಯ ಅಭ್ಯಾಸ, ಆದರೆ ಆ ಎಳೆತಕ್ಕೆ ಚರ್ಮದೊಳಗಿನ ದ್ರವ, ಕೆಲವೊಮ್ಮೆ ರಕ್ತದ ಎಳೆ ಸೂಜಿಯ ಬುಡಕ್ಕೆ ಬರುತ್ತದೆ. ಎಳೆಯದಿದ್ದರೂ ಅಷ್ಟೆ: ಜೆಲ್ ಗಟ್ಟಿ, ಸೂಜಿ 27 ಅಥವಾ 30 ಗೇಜಿನದು, ಅಂದರೆ ತೀರಾ ಸಪೂರ, ಬಲವಾಗಿ ಒತ್ತಬೇಕು. ಹೆಬ್ಬೆರಳು ಸಡಿಲಿಸಿದ ಕ್ಷಣ ಒಳಗಿನ ರಬ್ಬರ್ ತುದಿ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಅದರ ಜೊತೆಗೆ ಹೊರಗಿನದು ಒಳಕ್ಕೆ. ಒಂದು ಗೆರೆಗೆ ಸೂಜಿ ಹತ್ತಾರು ಸಲ ಒಳಹೊರಗೆ ಆಡುತ್ತದೆ. ಪ್ರತಿ ಸಲವೂ ಕೂದಲ ಬುಡದಲ್ಲಿ ಅಡಗಿರುವ ಬ್ಯಾಕ್ಟೀರಿಯಾಗಳನ್ನು ಸವರಿಕೊಂಡೇ ಬರುತ್ತದೆ. ಸ್ಪಿರಿಟ್ ಒರೆಸಿದರೆ ಸಾಯುವುದು ಮೇಲ್ಪದರದವು, ಆಳದವಲ್ಲ.

ಇನ್ನು ಆ ಕ್ಯಾಪ್. ಸಿರಿಂಜಿನ ಮೂತಿಗಿದ್ದ ಕ್ಯಾಪ್ ತೆಗೆದಾಗ ಟ್ರೇ ಮೇಲೆ ಇಟ್ಟಿರುತ್ತಾರೆ, ಗ್ಲೌಸ್ ಹಾಕಿದ ಕೈ ಅಷ್ಟರಲ್ಲಿ ನಿಮ್ಮ ಕೆನ್ನೆ, ಲೈಟಿನ ಹಿಡಿ, ಕ್ಯಾಮರಾ ಎಲ್ಲ ಮುಟ್ಟಿರುತ್ತದೆ. ಅದೇ ಕೈಯಿಂದ ಅದೇ ಕ್ಯಾಪನ್ನು ಮತ್ತೆ ತಿರುಗಿಸಿದರೆ ಸಿರಿಂಜು ಮುಚ್ಚಿದಂತಾಯಿತು, ಶುದ್ಧವಾದಂತಲ್ಲ.

‘ನನ್ನದೇ ಬ್ಯಾಕ್ಟೀರಿಯಾ ತಾನೆ’ ಎನ್ನುತ್ತೀರಿ. ಚುಚ್ಚಿದ ದಿನ ಅವು ಬೆರಳೆಣಿಕೆಯಷ್ಟು, ದೇಹ ನಿಭಾಯಿಸುತ್ತದೆ. ಮೂರು ತಿಂಗಳ ನಂತರ ಎಷ್ಟಾಗಿರುತ್ತವೆ ಎಂಬುದು ಪ್ರಶ್ನೆ. ಫಿಲ್ಲರಿನಲ್ಲಿ ಕೆಡದಂತೆ ಕಾಯುವ ಸಂರಕ್ಷಕ ವಸ್ತು ಇರುವುದಿಲ್ಲ. ಹಲವು ಫಿಲ್ಲರುಗಳಲ್ಲಿರುವ 0.3 ಶೇಕಡ ಲಿಡೊಕೇನ್ ನೋವು ಕಡಿಮೆ ಮಾಡಲು ಹಾಕಿದ್ದು, ಸೂಕ್ಷ್ಮಾಣು ಕೊಲ್ಲುವ ಭರವಸೆ ಅದರ ಮೇಲೆ ಇಡುವಂತಿಲ್ಲ. ಚರ್ಮದಲ್ಲಿ ಇರಬಹುದಾದ ಸ್ಟೆಫಿಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್, ಮೊಡವೆಯ ಕ್ಯುಟಿಬ್ಯಾಕ್ಟೀರಿಯಂ ಇವುಗಳ ಹಲವು ತಳಿಗಳ ಹತ್ತಿರ ಹಯಾಲುರಾನಿಕ್ ಆಸಿಡ್ಡನ್ನು ಕರಗಿಸುವ ಕಿಣ್ವವೇ ಇದೆ. ಜೆಲ್ ಅವುಗಳಿಗೆ ಬೇಲಿಯಲ್ಲ, ಮೇವು. ಫ್ರಿಜ್ಜಿನ ತಂಪು ಬೆಳವಣಿಗೆ ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಅದರ ಮೇಲೆ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಆ ಫ್ರಿಜ್ಜಿನೊಳಗೆ ಎಷ್ಟು ಡಿಗ್ರಿ ಇತ್ತು ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಹೀಗೆ ಎತ್ತಿಟ್ಟ ಸಿರಿಂಜುಗಳನ್ನು ಲ್ಯಾಬಿನಲ್ಲಿ ಕಲ್ಚರ್ ಮಾಡಿ, ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂದ ಸಣ್ಣ ಅಧ್ಯಯನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಉಳಿಸಿಡುವ ಕೆಲವರು ಅದನ್ನೇ ತೋರಿಸುತ್ತಾರೆ. ಆ ಬಗೆಯ ಕಲ್ಚರಿನಲ್ಲಿ ವೈರಸ್ ಕಾಣುವುದಿಲ್ಲ, ನಿಧಾನಕ್ಕೆ ಬೆಳೆಯುವ ಮೈಕೊಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಬಹುದು, ಕೆಲವೇ ಸಿರಿಂಜುಗಳಲ್ಲಿ ಏನೂ ಸಿಗದಿದ್ದರೆ ಸಾವಿರದಲ್ಲೂ ಸಿಗುವುದಿಲ್ಲ ಎಂದಾಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಇದು ಸಾಕಾಗದ ಆಧಾರ.

ಇನ್ನೊಂದು ಅಪಾಯವೂ ಇದೆ, ಅದಕ್ಕೆ ಸೂಕ್ಷ್ಮಾಣುವೇ ಬೇಡ. ಒಂದೇ ಫ್ರಿಜ್ಜು, ಒಂದೇ ಬಣ್ಣದ ಹತ್ತು ಸಿರಿಂಜು, ಪೆನ್ನಿನಲ್ಲಿ ಬರೆದ ಹೆಸರು. ಕೊಡಗಿನಲ್ಲಿ ಒಂದೇ ಹೆಸರಿನವರು, ಒಂದೇ ಮನೆತನದವರು ಎಷ್ಟು ಮಂದಿ! ಫ್ರಿಜ್ಜಿನ ತೇವಕ್ಕೆ ಶಾಯಿ ಅಳಿಸಿದರೆ ‘ನನ್ನದೇ ರಕ್ತ’ ಎಂಬ ವಾದವೂ ಅಳಿಸಿತು.

ಹಾಗಾದರೆ ದುಡ್ಡು ಉಳಿಸುವುದು ಹೇಗೆ? ಹಾಕಿಸುವ ಮೊದಲೇ ಮಾತಾಡಿ. ಕೆಲವು ಕಂಪನಿಗಳಲ್ಲಿ 0.5 ಎಂ.ಎಲ್. ಸಿರಿಂಜು ಸಿಗುತ್ತದೆ, ಕೇಳಿ. 1 ಎಂ.ಎಲ್. ಒಡೆದರೆ ಉಳಿದ 0.4ನ್ನು ಅದೇ ದಿನ, ಅದೇ ಕೂರುವಿಕೆಯಲ್ಲಿ, ನಿಮಗೆ ಬೇಕಾದ ಇನ್ನೊಂದು ಜಾಗಕ್ಕೆ ಹಾಕಬಹುದೇ ಎಂದು ವಿಚಾರಿಸಿ (ಆ ಜಾಗಕ್ಕೆ ಆ ಜೆಲ್ಲಿನ ಗಟ್ಟಿತನ ಹೊಂದಬೇಕು, ಕೆನ್ನೆಯದನ್ನು ತುಟಿಗೆ ಹಾಕುವಂತಿಲ್ಲ). ಟಚಪ್ ಬೇಕೋ ಬೇಡವೋ ಎಂಬುದು ಊತ ಇಳಿದ ಮೇಲೆ, ಎರಡರಿಂದ ನಾಲ್ಕು ವಾರದೊಳಗೆ ಗೊತ್ತಾಗುತ್ತದೆ. ಬೇಕೆಂದರೆ ಹೊಸ ಸಿರಿಂಜು.

ಪ್ರಶ್ನೆ: ನಮ್ಮೂರಿನ ಪಾರ್ಲರಿಗೆ ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬರು ಬಂದು ತುಟಿಗೆ ಫಿಲ್ಲರ್ ಹಾಕುತ್ತಾರೆ. ಇಬ್ಬರು ಸೇರಿ ಬಂದರೆ ಒಂದು ಸಿರಿಂಜನ್ನು ಹಂಚಿ ಹಾಕುತ್ತಾರಂತೆ, ಅರ್ಧ ರೇಟು. ‘ಸೂಜಿ ಬದಲಾಯಿಸುತ್ತೇವೆ, ಭಯ ಬೇಡ’ ಎನ್ನುತ್ತಾರೆ. ನಾನೂ ನನ್ನ ನಾದಿನಿಯೂ ಹೋಗೋಣವೆಂದಿದ್ದೇವೆ. – ಗೋಣಿಕೊಪ್ಪ

ಉತ್ತರ: ಖಂಡಿತ ಬೇಡ. ಹೊಸ ಸೂಜಿ ಹಾಕಿದರೂ ಮೊದಲನೆಯವರ ರಕ್ತ ತಾಗಿದ ಜೆಲ್ ಸಿರಿಂಜಿನೊಳಗೇ ಇದೆ. ಹೊಸ ಸೂಜಿಯ ಮೂಲಕ ಅದೇ ಎರಡನೆಯವರ ತುಟಿಗೆ ಹೋಗುತ್ತದೆ.

ಕಣ್ಣಿಗೆ ರಕ್ತ ಕಾಣಿಸಬೇಕೆಂದೇನಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣ ಮೇಲ್ಮೈಯಲ್ಲಿ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಹೆಪಟೈಟಿಸ್ ಸಿ ವಾರಗಟ್ಟಲೆ ಉಳಿಯಬಲ್ಲದು. ಸಿರಿಂಜಿನೊಳಗಿನ ತೇವದಲ್ಲಿ, ಅದೂ ತಂಪಿನಲ್ಲಿ, ಎಚ್ಐವಿ ಕೂಡ ಹೊರಗಿನ ಗಾಳಿಯಲ್ಲಿ ಇರುವುದಕ್ಕಿಂತ ಹೆಚ್ಚು ಕಾಲ ಬದುಕುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸುರಕ್ಷಿತ ಎಂಬ ನಂಬಿಕೆ ವೈರಸ್ ವಿಷಯದಲ್ಲಂತೂ ಪೂರಾ ತಲೆಕೆಳಗು.

ಇದು ಬರೀ ಊಹೆಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ರಕ್ತದ ಪ್ಲಾಸ್ಮಾ ಹಚ್ಚಿ ಸೂಜಿಯಿಂದ ಚುಚ್ಚುವ ಚಿಕಿತ್ಸೆ ಮಾಡಿಸಿಕೊಂಡ ಮಹಿಳೆಗೆ, ಬೇರಾವ ಕಾರಣವೂ ಇಲ್ಲದೆ, 2018ರಲ್ಲಿ ಎಚ್ಐವಿ ಪತ್ತೆಯಾಯಿತು. ತನಿಖೆಗೆ ಹೋದವರಿಗೆ ಅಡುಗೆ ಕೌಂಟರಿನ ಮೇಲೆ ಹೆಸರು ಬರೆಯದ ರಕ್ತದ ಟ್ಯೂಬುಗಳು, ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥದ ಜೊತೆಗೇ ರಕ್ತದ ಟ್ಯೂಬು ಮತ್ತು ಇಂಜೆಕ್ಷನ್ ಔಷಧಗಳು ಸಿಕ್ಕವು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಪ್ರಕಟಿಸಿದ ವರದಿ ಸೌಂದರ್ಯ ಚಿಕಿತ್ಸೆಯ ಸೂಜಿಯಿಂದ ಎಚ್ಐವಿ ಹರಡಿದ್ದನ್ನು ದಾಖಲಿಸಿತು. ಅದು ಫಿಲ್ಲರ್ ಅಲ್ಲ ನಿಜ, ಆದರೆ ದಾರಿ ಇದೇ: ಒಬ್ಬರ ರಕ್ತ ತಾಗಿದ್ದು ಇನ್ನೊಬ್ಬರ ಚರ್ಮದೊಳಗೆ.

ನಾದಿನಿ ಮನೆಯವಳೇ, ಅವಳಿಗೇನೂ ಕಾಯಿಲೆ ಇಲ್ಲ ಎನ್ನುತ್ತೀರಿ. ಹೆಪಟೈಟಿಸ್ ಬಿ ಇರುವ ಎಷ್ಟೋ ಜನರಿಗೆ ತಮಗೆ ಇದೆಯೆಂದೇ ಗೊತ್ತಿರುವುದಿಲ್ಲ. ಅಲ್ಲದೆ ನೀವಿಬ್ಬರು ಬರುವ ಮೊದಲು ಆ ಸಿರಿಂಜು ಹೊಸದೇ ಆಗಿತ್ತೆಂದು ಹೇಗೆ ಹೇಳುವುದು? ಹಂಚಿ ಹಾಕಲು ಒಪ್ಪುವವರು ನಿನ್ನೆ ಉಳಿದದ್ದನ್ನು ಇವತ್ತು ತೆಗೆಯಲು ಹಿಂಜರಿಯುತ್ತಾರೆಯೇ?

ಫಿಲ್ಲರ್ ಹಾಕುವುದು ಪಾರ್ಲರಿನ ಕೆಲಸವಲ್ಲ. ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತ್ರ ಹೋಗಿ.

ಪ್ರಶ್ನೆ: ಇದನ್ನು ಯಾರಿಗೂ ಹೇಳಿಲ್ಲ. 40 ದಿನಗಳ ಹಿಂದೆ ನಾನೂ ಗೆಳತಿಯೂ ಹಾಗೆಯೇ ಹಂಚಿಕೊಂಡು ಹಾಕಿಸಿಕೊಂಡೆವು, ಅವಳಿಗೆ ಮೊದಲು. ಈಗ ಓದಿ ನಿದ್ದೆ ಬರುತ್ತಿಲ್ಲ. ಯಾವ ಟೆಸ್ಟ್, ಎಲ್ಲಿ, ಯಾವಾಗ? – ಸೋಮವಾರಪೇಟೆ

ಉತ್ತರ: ಮೊದಲು ಸಮಾಧಾನದ ಮಾತು. ಸೋಂಕಿರುವವರ ರಕ್ತದ ಸೂಜಿ ಚುಚ್ಚಿಕೊಂಡರೂ ಎಚ್ಐವಿ ಅಂಟುವ ಸಾಧ್ಯತೆ ಸುಮಾರು 0.3 ಶೇಕಡ, ಅಂದರೆ ಮುನ್ನೂರಕ್ಕೆ ಒಂದರಷ್ಟು. ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸುಲಭವಾಗಿ ಅಂಟುತ್ತದೆ, ಆದರೆ ಅದಕ್ಕೆ ಲಸಿಕೆಯಿದೆ. ಗೆಳತಿಗೆ ಸೋಂಕೇ ಇಲ್ಲದಿದ್ದರೆ, ಸಿರಿಂಜು ನಿಜಕ್ಕೂ ಹೊಸದಾಗಿದ್ದರೆ, ಈ ವೈರಸ್‌ಗಳ ಭಯ ನಿಮಗಿಲ್ಲ. ಆದ್ದರಿಂದ ಗೆಳತಿಯನ್ನೂ ಕರೆದುಕೊಂಡು ಹೋಗಿ. ಅವಳ ರಿಪೋರ್ಟು ನಿಮ್ಮದರಷ್ಟೇ ಮುಖ್ಯ.

ಇಬ್ಬರೂ ಈಗಲೇ ಎಚ್ಐವಿ, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ), ಹೆಪಟೈಟಿಸ್ ಸಿ ಆಂಟಿಬಾಡಿ ಮಾಡಿಸಿ. ಎಚ್ಐವಿ ಪರೀಕ್ಷೆಯನ್ನು ಚುಚ್ಚಿಸಿಕೊಂಡ ದಿನದಿಂದ ಮೂರು ತಿಂಗಳಾದಾಗ ಮತ್ತೆ ಮಾಡಿಸಬೇಕು, 40 ದಿನಕ್ಕೆ ನೆಗೆಟಿವ್ ಬಂದರೆ ಅರ್ಧ ನಿಟ್ಟುಸಿರು ಮಾತ್ರ. ಹೆಪಟೈಟಿಸ್ ಬಿ ಮತ್ತು ಸಿ ಎರಡನ್ನೂ ಆರು ತಿಂಗಳಿಗೆ ಇನ್ನೊಮ್ಮೆ. ಹೆಪಟೈಟಿಸ್ ಸಿ ಆಂಟಿಬಾಡಿ ನಿಧಾನಕ್ಕೆ ಕಾಣಿಸಿಕೊಳ್ಳುತ್ತದೆ. ಬೇಗ ತಿಳಿಯಬೇಕಿದ್ದರೆ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಟೆಸ್ಟ್ ಇದೆ, ದುಬಾರಿ, ಈ ಹೊತ್ತಿಗೆ ಅದರಲ್ಲಿ ಸಿಗಬೇಕಾದದ್ದು ಸಿಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಆಗಿಲ್ಲದಿದ್ದರೆ ಇವತ್ತೇ ಶುರು ಮಾಡಿ: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಟ್ಟು ಮೂರು ಡೋಸ್.

ಎಚ್ಐವಿ ಪರೀಕ್ಷೆ ಸರ್ಕಾರಿ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಉಚಿತ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ (ಈಗ ಅದು ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ) ವಿಚಾರಿಸಿ. ಪರಿಚಯದವರು ಕಂಡಾರು ಎಂಬ ಅಳುಕಿದ್ದರೆ ಮೈಸೂರಿಗೆ ಹೋದರೂ ಆಗುತ್ತದೆ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು ಎಂದು 2017ರ ಎಚ್ಐವಿ ಕಾಯ್ದೆಯೇ ಹೇಳುತ್ತದೆ. ಫೋನಿನಲ್ಲಿ ಮಾತಾಡುವುದಿದ್ದರೆ 1097, ಉಚಿತ.

ಮೂರು ತಿಂಗಳ ಪರೀಕ್ಷೆ ಮುಗಿಯುವ ತನಕ ಕಾಂಡೋಮ್ ಬಳಸಿ, ಚುಚ್ಚಿಸಿಕೊಂಡ ದಿನದಿಂದ ಒಂದು ವರ್ಷ ರಕ್ತದಾನ ಬೇಡ. ಬಸಿರಿಯಾಗಿದ್ದರೆ ಅಥವಾ ಮಗುವಿಗೆ ಹಾಲು ಕುಡಿಸುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ನಿಮ್ಮ ವಿಷಯದಲ್ಲಿ ಸಮಯ ಮೀರಿದೆ, ಆದರೆ ಓದುವ ಇನ್ಯಾರಿಗಾದರೂ ನಿನ್ನೆ ಮೊನ್ನೆ ಹೀಗಾಗಿದ್ದರೆ: ಎಚ್ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, 28 ದಿನ ನುಂಗಬೇಕು. ಹೆಪಟೈಟಿಸ್ ಬಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬುಲಿನ್ ಇಂಜೆಕ್ಷನ್ನೂ ಇದೆ, ಏಳು ದಿನದೊಳಗೆ. ಅಂಥವರು ‘ಭಾನುವಾರ ಕಳೆಯಲಿ’ ಎನ್ನದೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು.

ಪ್ರಶ್ನೆ: ಮಿಕ್ಕ ಸಿರಿಂಜನ್ನು ನಾನೇ ಕೇಳಿ ಮನೆಗೆ ತಂದಿದ್ದೇನೆ. ಬೆಂಗಳೂರಿನಿಂದ ತೋಟದ ಮನೆಗೆ ಬರುವಾಗ ಬ್ಯಾಗಿನಲ್ಲಿತ್ತು, ಈಗ ಫ್ರೀಜರಿನಲ್ಲಿದೆ. ಕುಕ್ಕರಿನಲ್ಲಿ ಬೇಯಿಸಿ ಶುದ್ಧ ಮಾಡಿಕೊಳ್ಳಬಹುದೇ? ಆನ್‌ಲೈನಿನಲ್ಲಿ ಸೂಜಿಯಿಲ್ಲದ ‘ಹಯಾಲುರಾನ್ ಪೆನ್’ ಸಿಗುತ್ತದೆ, ಅದರಲ್ಲಿ ಹಾಕಿಕೊಂಡರೆ ಸೋಂಕಿನ ಭಯವಿಲ್ಲ ಅಲ್ಲವೇ? – ನಾಪೋಕ್ಲು

ಉತ್ತರ: ಇದರಲ್ಲಿ ಪ್ರತಿಯೊಂದೂ ತಪ್ಪಿದೆ, ಬೇಸರಿಸಬೇಡಿ. ಫಿಲ್ಲರ್ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ 2ರಿಂದ 25 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ, ಹೆಪ್ಪುಗಟ್ಟಿಸಬೇಡಿ ಎಂದೂ ಇರುತ್ತದೆ. ಬೇಸಿಗೆಯಲ್ಲಿ ಹುಣಸೂರಿನಲ್ಲಿ ಊಟಕ್ಕೆ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಗೆ 40 ಡಿಗ್ರಿ ದಾಟುತ್ತದೆ. ಫ್ರೀಜರಿನಲ್ಲಿ ಜೆಲ್ಲಿನ ನೀರು ಹರಳಾಗಿ ಅದರ ಹೆಣಿಗೆ ಒಡೆಯುತ್ತದೆ. ಕರಗಿದಾಗ ನೋಡಲು ಮೊದಲಿನಂತೆಯೇ ಇದ್ದೀತು, ಒತ್ತಿದರೆ ಒಂದು ಕಡೆ ನೀರು, ಒಂದು ಕಡೆ ಗಂಟು ಬರಬಹುದು.

ಕುಕ್ಕರ್: ಕಾರ್ಖಾನೆಯ ಹಬೆ ಶುದ್ಧೀಕರಣ ಅಳೆದು ತೂಗಿ, ಒಂದೇ ಸಲ ಮಾಡಿದ್ದು. ಎರಡನೇ ಸಲದ ಬಿಸಿಗೆ ಹಯಾಲುರಾನಿಕ್ ಆಸಿಡ್ಡಿನ ಎಳೆಗಳು ತುಂಡಾಗಿ ಜೆಲ್ ತೆಳ್ಳಗಾಗುತ್ತದೆ, ರಬ್ಬರ್ ತುದಿ ಸಡಿಲಾಗುತ್ತದೆ. ಅಷ್ಟಾಗಿಯೂ ಸತ್ತ ಬ್ಯಾಕ್ಟೀರಿಯಾಗಳ ಚೂರುಗಳು ಒಳಗೇ ಉಳಿಯುತ್ತವೆ, ಅವೇ ಉರಿಯೂತ ತರಬಲ್ಲವು. ಪೊಟ್ಟಣದ ಮೇಲೆ ಒಂದು ಚಿಹ್ನೆ ಇರುತ್ತದೆ ನೋಡಿ: ವೃತ್ತದೊಳಗೆ 2 ಎಂಬ ಅಂಕಿ, ಅದರ ಮೇಲೆ ಅಡ್ಡಗೀಟು. ಎರಡನೇ ಸಲ ಬಳಸಬೇಡಿ ಎಂದು ಅದರರ್ಥ.

ಪೆನ್: ಇದು ಒತ್ತಡದಿಂದ ಜೆಲ್ಲನ್ನು ಚರ್ಮದೊಳಗೆ ಚಿಮ್ಮಿಸುತ್ತದೆ. ಎಷ್ಟು ಆಳಕ್ಕೆ, ಎಲ್ಲಿಗೆ ಹೋಯಿತೆಂದು ಹಿಡಿತವೇ ಇರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲೇ ಇದನ್ನು ಬಳಸಬೇಡಿ ಎಂದು ಎಚ್ಚರಿಸಿತು. ಸೂಜಿಯಿಲ್ಲದ್ದು ಎಂದರೆ ಚರ್ಮ ಹರಿಯುವುದಿಲ್ಲ ಎಂದಲ್ಲ. ಪೆನ್ನಿನ ಮೂತಿಗೆ ರಕ್ತ ತಾಗುತ್ತದೆ, ಅದೇ ಮೂತಿ ಮುಂದಿನ ತುಟಿಗೆ.

ಪ್ರಶ್ನೆ: ಕೆನ್ನೆಗೆ ಫಿಲ್ಲರ್ ಹಾಕಿಸಿ ಏಳು ವಾರ. ಎರಡು ವಾರದಿಂದ ಬಲಗೆನ್ನೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಕೆಂಪು, ಮುಟ್ಟಿದರೆ ನೋವು. ಮೆಡಿಕಲ್‌ನಲ್ಲಿ ಐದು ದಿನದ ಆಂಟಿಬಯೊಟಿಕ್ ಕೊಟ್ಟರು, ಇಳಿಯಿತು, ಮತ್ತೆ ಬಂತು. ಮಸಾಜ್ ಮಾಡು ಎಂದು ಒಬ್ಬರು, ಸ್ಟೀರಾಯ್ಡ್ ಇಂಜೆಕ್ಷನ್ ತಗೋ ಎಂದು ಇನ್ನೊಬ್ಬರು. – ಕುಶಾಲನಗರ

ಉತ್ತರ: ಮಸಾಜ್ ಬೇಡ, ಒತ್ತಿ ಹಿಚುಕುವುದು ಬೇಡ. ಸೋಂಕು ಇಲ್ಲವೆಂದು ತಿಳಿಯುವ ತನಕ ಸ್ಟೀರಾಯ್ಡ್ ಕೂಡ ಬೇಡ, ಅದು ಕೆಂಪು ಇಳಿಸಿ ಸೋಂಕನ್ನು ಒಳಗೇ ಬೆಳೆಸಬಹುದು.

ಚುಚ್ಚಿದ ಮೊದಲ ಕೆಲವು ದಿನಗಳಲ್ಲಿ ಬಿಸಿ, ಕೆಂಪು, ಕೀವು ಬಂದರೆ ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್, ಮಾತ್ರೆಗೆ ಬಗ್ಗುತ್ತವೆ. ಎರಡು ವಾರ ದಾಟಿ, ಅದೂ ತಿಂಗಳು ಕಳೆದು ತಲೆಯೆತ್ತುವ ಗಂಟು, ಇಳಿದು ಮತ್ತೆ ಬರುವ ಗಂಟು ಬೇರೆಯದೇ ಜಾತಿ. ಎರಡು ಗುಮಾನಿ. ಒಂದು ಬಯೊಫಿಲ್ಮ್: ಬ್ಯಾಕ್ಟೀರಿಯಾಗಳು ಜೆಲ್ಲಿನ ಮೇಲೆ ಅಂಟಿನ ಪೊರೆ ಕಟ್ಟಿಕೊಂಡು ಕೂರುತ್ತವೆ, ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ. ಮಾತ್ರೆ ಮೇಲಿನವನ್ನು ಕೊಂದು ನಿಲ್ಲುತ್ತದೆ, ಅಡಿಯವು ಮತ್ತೆ ಚಿಗುರುತ್ತವೆ. ನಿಮ್ಮ ‘ಇಳಿಯಿತು, ಮತ್ತೆ ಬಂತು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಮೈಕೊಬ್ಯಾಕ್ಟೀರಿಯಂ ಚೆಲೊನೆ, ಆಬ್ಸೆಸಸ್, ಫಾರ್ಚುಯಿಟಮ್ ಎಂಬ ಗುಂಪು. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳು ಇವು, ಇರುವುದು ಮಣ್ಣು ಮತ್ತು ನೀರಿನಲ್ಲಿ, ನಲ್ಲಿ ನೀರಿನಲ್ಲೂ.

ಕೊಡಗಿನವರಿಗೆ ಈ ಎರಡನೆಯದು ಗಮನದಲ್ಲಿರಬೇಕು. ಒರತೆಯಿಂದ ಪೈಪ್ ಎಳೆದು ಟ್ಯಾಂಕಿಗೆ ತುಂಬಿದ ನೀರು ಕುಡಿಯಲು ಎಷ್ಟೇ ಸಿಹಿಯಾಗಿರಲಿ, ಅದರಿಂದ ಮಾಡಿದ ಐಸನ್ನು ಚುಚ್ಚಿದ ಜಾಗಕ್ಕೆ ನೇರ ಉಜ್ಜಬಾರದು. ಚುಚ್ಚುವ ಮೊದಲೂ ಉಜ್ಜಬಾರದು. ಐಸ್ ಬೇಕಿದ್ದರೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಮೇಲೆ ಶುಭ್ರ ಬಟ್ಟೆ ಸುತ್ತಿ. ಮೊದಲ 24 ಗಂಟೆ ಮೇಕಪ್, ತೋಡಿನ ಸ್ನಾನ, ಜಿಮ್, ಹಬೆ ಇವೆಲ್ಲ ಬಿಡಿ.

ಈಗ ಮಾಡಬೇಕಾದ್ದು. ಚರ್ಮರೋಗ ತಜ್ಞರು ಗಂಟಿನಿಂದ ಸೂಜಿಯಲ್ಲಿ ದ್ರವ ಅಥವಾ ಚೂರು ಮಾಂಸ ತೆಗೆದು ಲ್ಯಾಬಿಗೆ ಕಳಿಸಬೇಕು. ಚೀಟಿಯಲ್ಲಿ ‘ಫಿಲ್ಲರ್ ನಂತರದ ಗಂಟು, ಮೈಕೊಬ್ಯಾಕ್ಟೀರಿಯಾ ಕಲ್ಚರ್ ಕೂಡ’ ಎಂದು ಬರೆದಿರಬೇಕು. ಬರೆಯದಿದ್ದರೆ ಎರಡು ದಿನಕ್ಕೆ ‘ಏನೂ ಬೆಳೆಯಲಿಲ್ಲ’ ಎಂಬ ರಿಪೋರ್ಟು ಬಂದು ಕಥೆ ಮುಗಿಯುತ್ತದೆ. ಮೈಕೊಬ್ಯಾಕ್ಟೀರಿಯಾ ಎಂದಾದರೆ ಎರಡೆರಡು ಔಷಧ, ಐದು ದಿನವಲ್ಲ, ತಿಂಗಳುಗಟ್ಟಲೆ. ನೀವು ಹಾಕಿಸಿದ್ದು ಹಯಾಲುರಾನಿಕ್ ಆಸಿಡ್ ಫಿಲ್ಲರೇ ಆಗಿದ್ದರೆ ಹಯಾಲುರಾನಿಡೇಸ್ ಇಂಜೆಕ್ಷನ್‌ನಿಂದ ಜೆಲ್ಲನ್ನು ಕರಗಿಸಬಹುದು, ಗೂಡೇ ಹೋದರೆ ಪೊರೆಗೆ ನೆಲೆಯಿಲ್ಲ. ಸೋಂಕು ಬಿಸಿಬಿಸಿ ಇರುವಾಗ ಆಂಟಿಬಯೊಟಿಕ್ ರಕ್ಷಣೆಯಲ್ಲೇ ಅದನ್ನು ಮಾಡುತ್ತಾರೆ. ಬೇರೆ ಬಗೆಯ ಫಿಲ್ಲರಿಗೆ ಈ ಇಂಜೆಕ್ಷನ್ ಕೆಲಸ ಮಾಡದು, ಆದ್ದರಿಂದ ಹಾಕಿದ್ದು ಯಾವುದೆಂಬ ಚೀಟಿ ಬೇಕೇ ಬೇಕು.

ಇದರ ಜೊತೆ ಒಂದು ಮಾತು, ಭಾಗಮಂಡಲದ ಕಡೆ ಜೇನು ಸಾಕುವ ಮನೆಯವರು ಕೇಳಿಸಿಕೊಳ್ಳಿ. ಜೇನಿನ ವಿಷದಲ್ಲೂ ಹಯಾಲುರಾನಿಡೇಸ್ ಇದೆ. ಜೇನು ಅಥವಾ ಕಣಜ ಕಚ್ಚಿ ಮೈಯೆಲ್ಲ ದದ್ದು, ಉಸಿರುಗಟ್ಟುವಿಕೆ ಆದ ಚರಿತ್ರೆ ಇದ್ದರೆ ಈ ಇಂಜೆಕ್ಷನ್‌ಗೂ ಅಲರ್ಜಿ ಆಗಬಹುದು. ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ.

ಪ್ರಶ್ನೆ: ಬೊಟಾಕ್ಸ್ ಒಂದು ಬಾಟಲಿಯಿಂದ ಹಲವರಿಗೆ ಹಾಕುತ್ತಾರಲ್ಲ, ಅದು ಸರಿ, ಫಿಲ್ಲರ್ ಮಾತ್ರ ತಪ್ಪು ಹೇಗೆ? – ಪೊನ್ನಂಪೇಟೆ

ಉತ್ತರ: ಬೊಟಾಕ್ಸ್ ಬರುವುದು ಬಾಟಲಿಯಲ್ಲಿ, ಪುಡಿಯಾಗಿ. ಸಲೈನ್ ಬೆರೆಸಿ, ಪ್ರತಿಯೊಬ್ಬರಿಗೂ ಹೊಸ ಸಿರಿಂಜು, ಹೊಸ ಸೂಜಿಯಲ್ಲಿ ಎಳೆಯಬಹುದು, ಮೈಗೆ ತಾಗಿದ್ದು ಬಾಟಲಿಗೆ ಮರಳುವುದಿಲ್ಲ. ಕಂಪನಿಯ ಲೇಬಲ್ ಬೆರೆಸಿದ ಮೇಲೆ 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ, ಒಬ್ಬರಿಗೇ ಬಳಸಿ ಎನ್ನುತ್ತದೆ. ಶುದ್ಧತೆ ಕಾಪಾಡಿಕೊಂಡು ಹೆಚ್ಚು ದಿನ ಬಳಸಬಹುದೆಂಬ ತಜ್ಞರ ಅಭಿಪ್ರಾಯವೂ ಇದೆ. ಆ ಚರ್ಚೆ ಬಾಟಲಿಯದು. ನಿಮಗೆ ಚುಚ್ಚಿದ ಸಿರಿಂಜನ್ನೇ ಮತ್ತೆ ಬಾಟಲಿಗೆ ಇಳಿಸುವುದನ್ನು ಕಂಡರೆ ಎದ್ದು ಬನ್ನಿ.

ಪ್ರಶ್ನೆ: ಮಗಳ ಮದುವೆಗೆ ಮುಂಚೆ ನಾನೂ ಹಾಕಿಸಿಕೊಳ್ಳಬೇಕೆಂದಿದ್ದೇನೆ. ಹೊಸ ಸಿರಿಂಜೇ ಎಂದು ನೋಡುವುದು ಹೇಗೆ? ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಮತ್ತೆ, ಹಿಂದೆ ಮನೆಗೆ ತಂದ ಒಂದು ಸಿರಿಂಜು ಇದೆ, ಎಲ್ಲಿ ಎಸೆಯಲಿ? – ಮಡಿಕೇರಿ

ಉತ್ತರ: ಒಳ್ಳೆಯ ಡಾಕ್ಟರು ಕೇಳುವ ಮೊದಲೇ ತೋರಿಸುತ್ತಾರೆ. ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲು ಹೋಗಿ, ಊತ, ನೀಲಿ ಕಲೆ ಇಳಿಯಲು ಸಮಯ ಬೇಕು. ಮುಖದಲ್ಲಿ ಕೀವಿನ ಮೊಡವೆ, ತುಟಿಯಲ್ಲಿ ಜ್ವರದ ಗುಳ್ಳೆ, ಹಲ್ಲಿನ ಬಾವು ಇದ್ದರೆ ಮುಂದೂಡಿ. ಹಲ್ಲಿನ ಕೆಲಸಕ್ಕೂ ಫಿಲ್ಲರಿಗೂ ನಡುವೆ ಎರಡು ವಾರವಾದರೂ ಇರಲಿ.

ಪೊಟ್ಟಣವನ್ನು ನಿಮ್ಮ ಎದುರೇ ಒಡೆಯಲು ಹೇಳಿ. ರಟ್ಟಿನ ಡಬ್ಬದ ಸೀಲ್, ಒಳಗೆ ಸಿರಿಂಜಿನ ಪ್ಲಾಸ್ಟಿಕ್ ತಟ್ಟೆಯ ಮೇಲಿನ ಹಾಳೆ, ಎರಡೂ ಒಡೆಯದೆ ಇರಬೇಕು. ಬರೀ ಟ್ರೇಯಲ್ಲಿ ಸಿದ್ಧವಾಗಿ ಇಟ್ಟ ಸಿರಿಂಜಾದರೆ ಬೇಡ ಎನ್ನಿ. ಎಕ್ಸ್‌ಪೈರಿ ತಾರೀಖು ನೋಡಿ, ಮರಳುಗಡಿಯಾರದ ಚಿಹ್ನೆಯ ಪಕ್ಕ ಇರುತ್ತದೆ. ವಿದೇಶದ್ದಾದರೆ ಆಮದು ಲೈಸೆನ್ಸ್ ನಂಬರು ಮತ್ತು ಆಮದುದಾರರ ವಿಳಾಸ ಲೇಬಲಿನಲ್ಲಿ ಇರಬೇಕು; ಫಿಲ್ಲರ್‌ಗಳು ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಅದಿಲ್ಲದ್ದು ಸೂಟ್‌ಕೇಸಿನಲ್ಲಿ ಬಂದ ಮಾಲಿರಬಹುದು. ಸಿರಿಂಜಿನ ಮೂತಿಯ ಕ್ಯಾಪ್ ಬಿಗಿಯಾಗಿರಬೇಕು, ಜೆಲ್ ತಿಳಿಯಾಗಿ, ಡಬ್ಬದ ಮೇಲೆ ಬರೆದ ಅಳತೆಯಷ್ಟು ತುಂಬಿರಬೇಕು. ಡಬ್ಬದಲ್ಲಿ ಬ್ಯಾಚ್ ನಂಬರಿನ ಸ್ಟಿಕ್ಕರುಗಳಿರುತ್ತವೆ: ಒಂದು ನಿಮ್ಮ ಫೈಲಿಗೆ, ಒಂದು ನಿಮ್ಮ ಕೈಗೆ. ಅದನ್ನು ಬಿಲ್ಲಿಗೆ ಅಂಟಿಸಿಟ್ಟುಕೊಳ್ಳಿ, ಮುಂದೆ ಗಂಟು ಬಂದರೆ ಮೊದಲು ಕೇಳುವುದು ಅದನ್ನೇ. ಎಲ್ಲ ಮುಗಿದ ಮೇಲೆ ಉಳಿದ ಜೆಲ್ಲನ್ನು ನಿಮ್ಮ ಕಣ್ಣೆದುರೇ ಹತ್ತಿಗೆ ಒತ್ತಿ ಖಾಲಿ ಮಾಡಲು ಹೇಳಿ. ನಿಮ್ಮದು ಇನ್ನೊಬ್ಬರ ಮುಖಕ್ಕೆ ಹೋಗದಿರಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಕ್ಲಿನಿಕ್ಕಿನ ಗೋಡೆಯಲ್ಲಿ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ, ಡಾಕ್ಟರ ಕೌನ್ಸಿಲ್ ನಂಬರು ಕಾಣಬೇಕು. ಉಳಿಸಿ ಚುಚ್ಚುವುದು, ಹಂಚಿ ಚುಚ್ಚುವುದು ಗೊತ್ತಾದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೊಡಿ. ತೊಂದರೆ ಆಗಿದ್ದರೆ ಔಷಧ ಅಡ್ಡಪರಿಣಾಮದ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೂ ತಿಳಿಸಬಹುದು.

ಸೋಂಕಿಗೆ ಸಂಬಂಧವಿಲ್ಲದಿದ್ದರೂ ಘಾಟಿ ದಾಟಿ ಬರುವವರಿಗೆ ಇದನ್ನು ಹೇಳಲೇಬೇಕು. ಫಿಲ್ಲರ್ ರಕ್ತನಾಳಕ್ಕೆ ಹೋದರೆ ಚರ್ಮ ಬಿಳಿಚುತ್ತದೆ ಅಥವಾ ಬಲೆಯಂತೆ ನೀಲಿಗಟ್ಟುತ್ತದೆ, ನೋವು ಏರುತ್ತದೆ. ಮೈಸೂರಿನಲ್ಲಿ ಹಾಕಿಸಿಕೊಂಡರೆ ಒಂದು ಗಂಟೆ ಅಲ್ಲೇ ಕೂತು ಹೊರಡಿ. ಸಂಶಯ ಬಂದರೆ ಬೆರಳಿನಿಂದ 5 ಸೆಕೆಂಡ್ ಒತ್ತಿ ಬಿಡಿ, 2–3 ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ ತಿರುಗಿ ಹೋಗಿ. ಕಣ್ಣು ಮಸುಕಾದರೆ ಒಂದು ನಿಮಿಷವೂ ಕಾಯಬಾರದು. ತಿತಿಮತಿ ಕಾಡಿನ ನಡುವೆ ನೆಟ್‌ವರ್ಕ್ ಸಿಗದ ಕಡೆ ಇದು ಶುರುವಾದರೆ ಕಷ್ಟ.

ಮನೆಯಲ್ಲಿರುವ ಸಿರಿಂಜು: ಕಸದ ಬುಟ್ಟಿಗೆ ಹಾಕಬೇಡಿ, ತೋಟದ ಗೊಬ್ಬರಗುಂಡಿಗೆ ಎಸೆಯಬೇಡಿ, ಒಲೆಗೂ ಹಾಕಬೇಡಿ. ಸೂಜಿಗೆ ಕ್ಯಾಪ್ ಮತ್ತೆ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವವರೇ ಹೆಚ್ಚು, ಹಾಗೆಯೇ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ‘ಸೂಜಿ’ ಎಂದು ಬರೆದು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕೊಡಿ. ಅಲ್ಲಿ ಸೂಜಿಗೆ ಬಿಳಿಯ, ತೂತು ಬೀಳದ ಡಬ್ಬವಿರುತ್ತದೆ.